ಅಪ್‌ಡೇಟ್: ಕಾರಿಲ್ಲದೆ ಜರ್ಮನಿಯ ಹಳ್ಳಿ ಕೋಟೆಗಳು, ನೋಡಿ ಬಂದೆ

ಕಾರಿಲ್ಲದೆ ಜರ್ಮನಿಯ ಮ್ಯೂನ್‌ಸ್ಟರ್ ನಗರದ ಸುತ್ತಲಿನ ಹಳ್ಳಿ ಕೋಟೆಗಳನ್ನು ನೋಡಬಹುದಾ ಅಂತ ಕೇಳಿದ್ದೆನಲ್ಲ, ಹೋಗಿ ಬಂದೆ. ಸೈಕಲ್ ತಗೊಳ್ಳಿ ಅಂದವರಿಗೆ ದೊಡ್ಡ ಥ್ಯಾಂಕ್ಸ್! ನೆಲ ಅಂಗೈಯಷ್ಟು ಸಮ. ನನ್ನಂಥ ಸೋಮಾರಿಗೂ ಏದುಸಿರು ಬರಲಿಲ್ಲ.

ಮೊದಲು ಲ್ಯೂಡಿಂಗ್‌ಹೌಸೆನ್‌ನ ಫಿಶೆರಿಂಗ್ ಕೋಟೆ. ಮ್ಯೂನ್‌ಸ್ಟರ್‌ನ ಬಿಷಪ್ 1271ರಲ್ಲಿ ಕಟ್ಟಿಸಿದ್ದು. ಅಲ್ಲಿನ ಪಾಳೇಗಾರರನ್ನು ಹದ್ದುಬಸ್ತಿನಲ್ಲಿ ಇಡೋಕೆ. 1521ರಲ್ಲಿ ಸುಟ್ಟುಹೋಗಿ, ಮತ್ತೆ ಎದ್ದಿತು. ನಮ್ಮ ಕೋಟೆಗಳು ಗುಡ್ಡ ಹುಡುಕುತ್ತವೆ ಅಲ್ವಾ? ಇಲ್ಲಿ ಗುಡ್ಡವೇ ಇಲ್ಲ, ಹಾಗಾಗಿ ನೀರೇ ಕಾವಲು. ಕಂದಕದ ನೀರಿನಿಂದಲೇ ಗೋಡೆ ನೇರ ಮೇಲೆದ್ದಿದೆ. ದುಂಡಗೆ ಸುತ್ತಿಕೊಂಡ ಕೋಟೆ, ಕೆಂಪು ಹಂಚು, ಕೆಳಗೆ ಅದರದೇ ನೆರಳು. ಸುಮ್ನೆ ದಂಡೆಯಲ್ಲಿ ಒಂದು ಗಂಟೆ ಕೂತೆ. ಒಳಗಿನ ಮ್ಯೂಸಿಯಂಗಿಂತ ಅದೇ ಜಾಸ್ತಿ ಹಿಡಿಸಿತು.

ಆಮೇಲೆ ಹೊಲಗಳ ನಡುವೆ ಸೈಕಲ್ ತುಳಿದು ನಾರ್ಡ್‌ಕಿರ್ಶೆನ್ ಅರಮನೆ. ಇದನ್ನು 'ವೆಸ್ಟ್‌ಫಾಲಿಯಾದ ವರ್ಸೈ' ಅಂತಾರೆ (ವೆಸ್ಟ್‌ಫಾಲಿಯಾ ಅಂದ್ರೆ ಈ ಸೀಮೆ, ವರ್ಸೈ ಅಂದ್ರೆ ಫ್ರಾನ್ಸ್ ರಾಜರ ಭಾರೀ ಅರಮನೆ). ಅಷ್ಟು ದೊಡ್ಡ ಅರಮನೆಯಲ್ಲಿ ಈಗ ಯಾರಿದ್ದಾರೆ ಗೊತ್ತಾ? ತೆರಿಗೆ ಅಧಿಕಾರಿಗಳಾಗೋಕೆ ಓದುವ ಹುಡುಗ ಹುಡುಗಿಯರು! ತೋಟ ಮಾತ್ರ ಎಲ್ಲರಿಗೂ ಬಿಟ್ಟಿ.

ಮುಂದೆ ಹೋಗುವವರಿಗೆ ಒಂದು ಮಾತು: ಸೋಮವಾರ ಇಟ್ಟುಕೊಳ್ಳಬೇಡಿ. ಅಲ್ಲಿ ಬಹಳಷ್ಟು ಮ್ಯೂಸಿಯಂಗಳಿಗೆ ಅವತ್ತೇ ರಜೆ.