ಬಿಳಿ ರಕ್ತಕಣ ಜಾಸ್ತಿ ಇದ್ದರೆ ದಿನ ತುಂಬುವ ಮೊದಲೇ ಹೆರಿಗೆ ಆಗುತ್ತಾ?

ಹಾಸನ ಸುತ್ತಮುತ್ತಲ ಬಸುರಿಯರ ಗುಂಪು. ಕೇಳುವವರ ಹೆಸರಿನ ಬದಲು ಅವರ ಊರು ಹಾಕಿದೆ. ಉತ್ತರ ಕೊಡುವವರು ಹೆರಿಗೆ ಡಾಕ್ಟರ್.

ಆಲೂರು: ಮೇಡಂ, ನನಗೆ 7 ತಿಂಗಳು. ಬಿಳಿ ರಕ್ತಕಣ 12,800 ಬಂದಿದೆ. ಲ್ಯಾಬಿನವರು ಪಕ್ಕದಲ್ಲಿ ‘ಹೈ’ ಅಂತ ಹಾಕಿದ್ದಾರೆ. ಮಗು ಬೇಗ ಹುಟ್ಟಿಬಿಡುತ್ತಾ?

ಡಾಕ್ಟರ್: ಇಲ್ಲಮ್ಮ. ಲ್ಯಾಬಿನ 11,000 ಮಿತಿ ಬಸುರಿ ಅಲ್ಲದವರಿಗೆ. ಬಸುರಿಯರಲ್ಲಿ 15,000ದವರೆಗೆ ಹೋಗುವುದು ಸಹಜ. ಜ್ವರ, ನೋವು ಇಲ್ಲ ಅಲ್ವಾ? ಚಿಂತೆ ಬಿಡಿ.

ಬೇಲೂರು: ನಂದು 13,400. ಅಪಾಯನಾ?

ಡಾಕ್ಟರ್: ಮೇಲಿನ ಉತ್ತರ ಓದಿ.

ಸಕಲೇಶಪುರ: ಅಕ್ಕನಿಗೆ 31 ವಾರ. ಮೊದಲ ಮಗು 33 ವಾರಕ್ಕೇ ಹುಟ್ಟಿತ್ತು. ಕೌಂಟ್ 17,600. ಉರಿಮೂತ್ರ ಇದೆ. ಬೆಳಿಗ್ಗೆಯಿಂದ ಹೊಟ್ಟೆ ಆಗಾಗ ಗಟ್ಟಿಯಾಗಿ ಬಿಡುತ್ತಿದೆ. ತೋಟದ ಮನೆ, ಮಳೆ ಬೇರೆ. ನಾಳೆ ಕರ್ಕೊಂಡು ಹೋಗಲಾ?

ಡಾಕ್ಟರ್: ನಾಳೆ ಬೇಡ, ಈಗಲೇ ಹೊರಡಿ. ನನಗೆ ಭಯ ಆಗುತ್ತಿರುವುದು 17,600 ನೋಡಿ ಅಲ್ಲ. ಉರಿಮೂತ್ರ, ಹೊಟ್ಟೆ ಬಿಗಿತ, ಹಿಂದಿನ ಹೆರಿಗೆ, ಮೂರೂ ಒಟ್ಟಿಗಿವೆ. ಗರ್ಭಕೋಶದ ಒಳಪದರದಲ್ಲಿ ತಾಯಿಯ ಬಿಳಿ ರಕ್ತಕಣಗಳು ಇದ್ದೇ ಇರುತ್ತವೆ. ಮಗುವಿನಲ್ಲಿ ಅರ್ಧ ಅಪ್ಪನ ಅಂಶ, ಅಂದರೆ ತಾಯಿಯ ಮೈಗೆ ಅದು ಹೊರಗಿನದು. ಆದರೂ ಅದರ ಮೇಲೆ ಬೀಳದಂತೆ ಟಿ ಕಣಗಳು ಎಂಬ ಕೆಲವು ಬಿಳಿ ರಕ್ತಕಣಗಳು ಉಳಿದವನ್ನು ತಡೆದಿಡುತ್ತವೆ. ಸೋಂಕು ಬಂದರೆ ಈ ಹದ ತಪ್ಪುತ್ತದೆ. ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳು ನುಗ್ಗುತ್ತವೆ, ಉರಿಯೂತ ಏರುತ್ತದೆ. ಹೆರಿಗೆ ನೋವು ಬರಿಸುವ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಜಾಸ್ತಿಯಾಗಿ ಗರ್ಭಕೋಶ ಹಿಂಡತೊಡಗುತ್ತದೆ, ಅದರ ಬಾಯಿ ಮೆತ್ತಗಾಗುತ್ತದೆ. 37 ವಾರಕ್ಕೆ ಮೊದಲೇ ಹುಟ್ಟುವ ಎಷ್ಟೋ ಮಕ್ಕಳ ಕಥೆ ಇದೇ. ಆಸ್ಪತ್ರೆಯಲ್ಲಿ ಯಾವ ರೋಗಾಣು ಅಂತ ತಿಳಿಯಲು ಮೂತ್ರ ಕಲ್ಚರ್‌ಗೆ ಕಳಿಸುತ್ತಾರೆ, ಗರ್ಭಕೋಶದ ಬಾಯಿ ನೋಡುತ್ತಾರೆ. ಬೇಕಾದರೆ ಮಗುವಿನ ಶ್ವಾಸಕೋಶ ಬಲಿಯಲಿ ಅಂತ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಅದಾದ ಮೇಲೆ ಕೌಂಟ್ ಇನ್ನೂ ಏರಬಹುದು, ಗಾಬರಿಯಾಗಬೇಡಿ. ಎನ್‌ಐಸಿಯು (ಹಸುಗೂಸುಗಳ ತೀವ್ರ ನಿಗಾ ಘಟಕ) ಇರುವ ಕಡೆಗೇ ಹೋಗಿ. ಗಾಡಿ ಇಲ್ಲದಿದ್ದರೆ 108.

ಅರಕಲಗೂಡು: ಬಂದ ಮೆಸೇಜ್: ಅಮೃತಬಳ್ಳಿ ಕಷಾಯ ಕುಡಿಯಿರಿ, ಮೂರೇ ದಿನಕ್ಕೆ ಕೌಂಟ್ ಇಳಿಯುತ್ತೆ, ಎಲ್ಲರಿಗೂ ಕಳಿಸಿ.

ಡಾಕ್ಟರ್: ದಯವಿಟ್ಟು ಇದನ್ನು ಅಳಿಸಿ. ಅಮೃತಬಳ್ಳಿಯಿಂದ ಲಿವರ್ ಕೆಟ್ಟವರಿದ್ದಾರೆ. ಔಷಧ ಬೇಕಿರುವುದು ಸೋಂಕಿಗೆ, ಕೌಂಟಿಗಲ್ಲ. ಕಷಾಯ ಕುಡಿದು ಕಾಯುವ ಮೂರು ದಿನದಲ್ಲಿ ಮಗು ಹುಟ್ಟಿಯೇ ಬಿಡಬಹುದು.

ಅರಕಲಗೂಡು: ನಮ್ಮಜ್ಜಿ ಎಂಟು ಹೆತ್ತರು. ಯಾವ ಇಂಜೆಕ್ಷನ್ನೂ ಇರಲಿಲ್ಲ.

ಬೇಲೂರು: ಎಂಟರಲ್ಲಿ ಎಷ್ಟು ಉಳಿದವು, ಅದನ್ನೂ ಹೇಳಿ.

ಅರಕಲಗೂಡು: ನಿಮ್ಮನ್ನು ಕೇಳಿದ್ನಾ?

ಬೇಲೂರು: ಹಾಕಿದ್ದು ಗುಂಪಿಗೆ ತಾನೇ? ಯಾರಾದರೂ ನಂಬಿ ಕುಡಿದರೆ ಜವಾಬ್ದಾರಿ ಯಾರದು?

ಚನ್ನರಾಯಪಟ್ಟಣ: ಸೀಮಂತ ಮುಗಿಸಿ ಬಸ್ಸಿನಲ್ಲಿ ತವರಿಗೆ ಹೋಗಬಹುದಾ ಮೇಡಂ?

ಹೊಳೆನರಸೀಪುರ: ಕೌಂಟ್ 12,000, ಜಾಸ್ತಿನಾ?

ಡಾಕ್ಟರ್: ಮತ್ತದೇ ಪ್ರಶ್ನೆ. ಓದದೆ ಕೇಳಬೇಡಿ. ಸಕಲೇಶಪುರದವರೇ, ಹೊರಟಿರಾ?

ಸಕಲೇಶಪುರ: ಹೊರಟ್ವಿ ಮೇಡಂ. ತಾಯಿ ಕಾರ್ಡು, ಸ್ಕ್ಯಾನ್ ಎಲ್ಲ ಇದೆ.

ಡಾಕ್ಟರ್: ಒಳ್ಳೆಯದು. ಹೋದ ಕೂಡಲೇ ಉರಿಮೂತ್ರದ ವಿಷಯ, ಮೊದಲ ಹೆರಿಗೆ 33 ವಾರಕ್ಕೆ ಆದದ್ದು, ಎರಡನ್ನೂ ಮೊದಲು ಹೇಳಿ.