ಗುಡಿ ಬೇಡ, ಮಠ ಬೇಡ, ಸಾಧನೆ ಬೇಕು: ದಿನದ ಒಂದು ಗಂಟೆಯನ್ನು ಹಂಚುವುದು ಹೇಗೆ?

ಹೊಸಿಲು:
ದೇವಸ್ಥಾನ, ಮಠ, ವ್ರತ ಯಾವುದಕ್ಕೂ ಕಟ್ಟುಬೀಳದೆ, ಹಾಗಂತ ಎಲ್ಲವೂ ಸುಳ್ಳು ಅಂತ ಕೈತೊಳೆದುಕೊಳ್ಳದೆ, ಮನೆಯಲ್ಲೇ ನಡೆಸಬಹುದಾದ ಒಂದು ಕ್ರಮ ಹಾಕಿದ್ದೇನೆ. ಬೆಳಗ್ಗೆ 5.30ರಿಂದ 6.30. ಪ್ರಾಣಾಯಾಮ 10 ನಿಮಿಷ, ಉಸಿರು ಗಮನಿಸುವುದು 10, ಜಪ 10, ಮೈಮೇಲಿನ ಸಂವೇದನೆ ನೋಡುವುದು 10, ಎಲ್ಲರಿಗೂ ಒಳಿತು ಬಯಸುವ ಮೈತ್ರಿ ಭಾವನೆ 10, ಒಂದು ವಚನ ಓದಿ ಡೈರಿ ಬರೆಯುವುದು 10. ಎಲ್ಲ ಕಡೆಯ ಒಳ್ಳೆಯದೂ ಸೇರುತ್ತದೆ ಅನ್ನುವ ಲೆಕ್ಕ. ತಪ್ಪಿದ್ದರೆ ತಿದ್ದಿ.

ಒಂದೇ ಬಾವಿ:
ಇದು ಮದುವೆ ಊಟದ ಎಲೆ ಆಯಿತು. ಕೂತ ಮೇಲೆ ಮನಸ್ಸು ತಳ ಹಿಡಿಯುವುದಕ್ಕೇ ಹತ್ತು ಹದಿನೈದು ನಿಮಿಷ ಬೇಕು. ನಿಮ್ಮ ಕ್ರಮದಲ್ಲಿ ತಳ ಸಿಗುವ ಹೊತ್ತಿಗೆ ಅಲಾರಾಂ ಹೊಡೆಯುತ್ತದೆ, ಆರು ಸಲ.

ಅದಕ್ಕಿಂತ ದೊಡ್ಡ ತೊಂದರೆ, ಈ ಆರರ ಸೂಚನೆಗಳು ಒಂದಕ್ಕೊಂದು ಹೊಂದುವುದಿಲ್ಲ. ಪ್ರಾಣಾಯಾಮದಲ್ಲಿ ಉಸಿರನ್ನು ಬದಲಿಸಬೇಕು. ಆನಾಪಾನದಲ್ಲಿ, ಅಂದರೆ ಉಸಿರು ಗಮನಿಸುವಾಗ, ಅದು ಹೇಗಿದೆಯೋ ಹಾಗೇ ಬಿಡಬೇಕು. ಜಪದಲ್ಲಿ ಮನಸ್ಸಿಗೆ ಒಂದು ಶಬ್ದ ಕೊಡುತ್ತೀರಿ, ಸಂವೇದನೆ ನೋಡುವಾಗ ಅದೇ ಶಬ್ದವನ್ನು ಕಿತ್ತುಕೊಳ್ಳುತ್ತೀರಿ. ಹತ್ತು ನಿಮಿಷ ಜಪ ಮಾಡಿ ಉಸಿರಿಗೆ ಬಂದವರ ಉಸಿರು ಜಪದ ಲಯಕ್ಕೇ ಓಡುತ್ತಿರುತ್ತದೆ. ಒಂದನ್ನು ಹಿಡಿಯಿರಿ, ಕನಿಷ್ಠ ಮೂರು ತಿಂಗಳು ಬಿಡಬೇಡಿ. ಜಪ ಆದರೂ ಸರಿ, ಉಸಿರು ಆದರೂ ಸರಿ.

ಲೆಕ್ಕಿಗ:
‘ಒಂದೇ ಬಾವಿ ತೋಡು’ ಅನ್ನುವುದು ಬಾವಿಯ ಯಜಮಾನರು ಯಾವಾಗಲೂ ಹೇಳುವ ಮಾತು. ಪ್ರಶ್ನೆ ಕೇಳಿದವರು ಸಾಂಪ್ರದಾಯಿಕ ಧರ್ಮದ ಹೊರಗೆ ದಾರಿ ಹುಡುಕುತ್ತಿದ್ದಾರೆ. ಅವರನ್ನು ಗುಡಿಯಿಂದ ಹೊರಗೆ ಕರೆದು ಶಿಬಿರದೊಳಗೆ ಕೂಡಿಹಾಕಿದರೆ ಏನು ಬಂತು? ‘ಇದು ಧರ್ಮವಲ್ಲ, ಬರೀ ವಿದ್ಯೆ’ ಅಂತ ಹೇಳುವ, ಬರ್ಮಾದಿಂದ ಬಂದ, ಮೈಮೇಲಿನ ಸಂವೇದನೆ ನೋಡಲು ಕಲಿಸುವ ಹತ್ತು ದಿನದ ವಿಪಶ್ಯನಾ ಶಿಬಿರವನ್ನೇ ನೋಡಿ. ಶುರುವಿನಲ್ಲೇ ಬುದ್ಧ, ಧರ್ಮ, ಸಂಘ ಅನ್ನುವ ತ್ರಿರತ್ನಗಳಿಗೆ ಶರಣು, ಹಳೆಯ ಬೌದ್ಧ ಗ್ರಂಥಗಳ ಭಾಷೆಯಾದ ಪಾಲಿಯಲ್ಲಿ ಪಂಚಶೀಲದ ಐದು ನಿಯಮ. ನಾಲ್ಕನೆಯ ದಿನ ವಿಪಶ್ಯನೆಯನ್ನು ಕೊಡಿ ಅಂತ ಮತ್ತೆ ಪಾಲಿಯಲ್ಲೇ ಬೇಡಿಕೆ. ಮಣಿಸರ, ತಾಯಿತ, ಪೂಜೆ, ಬೇರೆ ಜಪ ಎಲ್ಲವನ್ನೂ ಹೊರಗಿಡಬೇಕು. ಇದಕ್ಕೆ ದೀಕ್ಷೆ ಅನ್ನದೆ ಇನ್ನೇನು ಅನ್ನೋಣ?

ಚಿಂತಕ ಜಿಡ್ಡು ಕೃಷ್ಣಮೂರ್ತಿ 1929ರ ಆಗಸ್ಟ್ 3ರಂದು ಹಾಲೆಂಡಿನ ಓಮೆನ್‌ನಲ್ಲಿ, ತಮ್ಮನ್ನು ಜಗದ್ಗುರು ಮಾಡಲು ಹೊರಟಿದ್ದ ನಕ್ಷತ್ರ ಸಂಘವನ್ನು ತಾವೇ ವಿಸರ್ಜಿಸಿದರು. ಸತ್ಯಕ್ಕೆ ಗೊತ್ತುಪಡಿಸಿದ ಹಾದಿಯೇ ಇಲ್ಲ ಅನ್ನುವುದು ಅವರ ವಾದ. ಅಲ್ಲಿಂದ ಯೋಚನೆ ಮಾಡಿ.

ಒಂದೇ ಬಾವಿ:
ಶರಣು, ಪಾಲಿ ಪಠಣ ಎರಡೂ ನಿಜ, ಅಲ್ಲಗಳೆಯುವುದಿಲ್ಲ. ಆದರೆ ಆ ಶಿಬಿರದಲ್ಲಿ ಶುಲ್ಕ ಇಲ್ಲ, ದಾನವನ್ನೂ ಶಿಬಿರ ಮುಗಿಸಿದವರಿಂದ ಮಾತ್ರ ತೆಗೆದುಕೊಳ್ಳುತ್ತಾರೆ, ಸದಸ್ಯತ್ವ ಅಂತೇನೂ ಇಲ್ಲ. ಕಲಿತು ಎದ್ದು ಬರಬಹುದು. ಈಜು ಕಲಿಯಲು ಕೊಳಕ್ಕೆ ಇಳಿದವರು ಕೊಳದ ಒಡೆಯನ ಮನೆ ಅಳಿಯ ಆಗಬೇಕಿಲ್ಲ.

ಕೃಷ್ಣಮೂರ್ತಿ ಸಂಘ ಮುಚ್ಚಿದ್ದು ದೊಡ್ಡ ಕೆಲಸ, ಒಪ್ಪಿದೆ. ಆದರೆ ನಾಳೆ ಬೆಳಗ್ಗೆ 5.30ಕ್ಕೆ ಏನು ಮಾಡಬೇಕು ಅಂತ ಕೇಳಿದರೆ ಅವರ ಭಾಷಣಗಳಲ್ಲಿ ಉತ್ತರ ಸಿಗುವುದಿಲ್ಲ. ಉತ್ತರ ಕೊಡಬಾರದು ಅನ್ನುವುದೇ ಅವರ ನಿಲುವಾಗಿತ್ತು.

ಹೊಸಿಲು:
ಸರಿ, ಉಸಿರನ್ನೇ ಹಿಡಿದೆವು ಅಂತಿಟ್ಟುಕೊಳ್ಳಿ. ಹೇಗೆ ಕೂರಬೇಕು, ಎಷ್ಟು ಹೊತ್ತು, ಎಲ್ಲಿ ಕೆಡುತ್ತದೆ?

ಒಂದೇ ಬಾವಿ:
ಮೊದಲು ಕೂರುವ ಜಾಗ. ಗಟ್ಟಿಯಾಗಿ ಮಡಚಿದ ಕಂಬಳಿ, 10ರಿಂದ 15 ಸೆಂಟಿಮೀಟರ್ ಎತ್ತರ. ಸೊಂಟ ಮೊಣಕಾಲಿಗಿಂತ ಮೇಲಿರಬೇಕು, ಎರಡೂ ಮೊಣಕಾಲು ನೆಲಕ್ಕೆ ತಾಗಬೇಕು. ತಾಗದಿದ್ದರೆ ಕಂಬಳಿ ಎತ್ತರಿಸಿ, ಇಲ್ಲವೇ ಮೊಣಕಾಲಿನ ಕೆಳಗೆ ದಿಂಬು ಕೊಡಿ. ಪದ್ಮಾಸನದ ಹಟ ಬೇಡ. ಮೆತ್ತನೆಯ ಹಾಸಿಗೆ ಮೇಲೆ ಕೂತರೆ ಸೊಂಟ ಹಿಂದಕ್ಕೆ ಕುಸಿಯುತ್ತದೆ, ಬೆನ್ನು ಗೂನಾಗುತ್ತದೆ, ಇಪ್ಪತ್ತು ನಿಮಿಷಕ್ಕೆ ಹೆಗಲ ನಡುವೆ ಉರಿ ಶುರು. ಅದನ್ನೇ ‘ಒಳಗೆ ಹುದುಗಿದ್ದ ಹಳೆಯ ಸಂಸ್ಕಾರ ಮೇಲೆ ಬರುತ್ತಿದೆ’ ಅಂದುಕೊಳ್ಳುವವರು ಉಂಟು. ಬಂದದ್ದು ಹಾಸಿಗೆಯ ದೋಷ. ಕುರ್ಚಿಯೂ ಆಗುತ್ತದೆ: ಒರಗಬೇಡಿ, ಪಾದ ಪೂರ್ತಿ ನೆಲದ ಮೇಲಿರಲಿ.

ಗಮನ ಇಡುವ ಜಾಗ ಮೂಗಿನ ಹೊಳ್ಳೆಯ ಕೆಳಗೆ, ಮೇಲ್ತುಟಿಯ ಮೇಲೆ. ಮೊದಲ ಎರಡು ವಾರ ದಿನಕ್ಕೆ 20 ನಿಮಿಷ, ಆಮೇಲೆ 30, ಎರಡು ತಿಂಗಳ ಹೊತ್ತಿಗೆ 45. ಮನಸ್ಸು ತೀರಾ ಹಾರಾಡುತ್ತಿದ್ದರೆ ಜಪಾನಿನ ಝೆನ್ ಬೌದ್ಧರ ಹಾಗೆ ಪ್ರತಿ ಹೊರಉಸಿರಿಗೂ ಒಂದು ಎಣಿಕೆ, ಒಂದರಿಂದ ಹತ್ತರವರೆಗೆ. ತಪ್ಪಿದರೆ ಮತ್ತೆ ಒಂದು. ಹದಿನೇಳು, ಹದಿನೆಂಟು ಅಂತ ಹೋಗುತ್ತಿದ್ದರೆ ಎಣಿಕೆ ನಡೆಯುತ್ತಿದೆ, ನೀವು ಅಲ್ಲಿಲ್ಲ ಅಂತ ಅರ್ಥ.

ಕೆಡುವುದು ಹೀಗೆ. ಗಮನಿಸುತ್ತೇನೆ ಅಂತ ಉಸಿರನ್ನು ದಬ್ಬತೊಡಗುತ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತುಟಿ, ಬೆರಳ ತುದಿ ಜುಮ್ಮೆನ್ನುತ್ತದೆ, ತಲೆ ಹಗುರಾಗುತ್ತದೆ. ಅದು ಕುಂಡಲಿನಿ ಶಕ್ತಿ ಎದ್ದದ್ದಲ್ಲ. ಉಸಿರು ಸಡಿಲ ಬಿಟ್ಟರೆ ಕೆಲ ನಿಮಿಷದಲ್ಲಿ ಹೋಗುತ್ತದೆ. ನಿದ್ದೆ ಬಂದರೆ ಕಣ್ಣು ಅರ್ಧ ತೆರೆದು ನಾಲ್ಕು ಅಡಿ ಮುಂದಿನ ನೆಲ ನೋಡಿ, ಅದಕ್ಕೂ ಬಗ್ಗದಿದ್ದರೆ ಎದ್ದು ನಿಂತು ಮಾಡಿ. ಕಾಲು ಜೋಮು ಹಿಡಿಯುವುದು ಮೊಣಕಾಲಿನ ಪಕ್ಕದ ನರ ಒತ್ತಿದ್ದಕ್ಕೆ. ಎದ್ದು ಎರಡು ಮೂರು ನಿಮಿಷದಲ್ಲಿ ಬಿಟ್ಟರೆ ಚಿಂತೆ ಇಲ್ಲ. ಪಾದ ಎತ್ತಲು ಬಲವೇ ಬಾರದಿದ್ದರೆ ಆ ಭಂಗಿ ಬಿಡಿ, ವೈದ್ಯರಿಗೆ ತೋರಿಸಿ.

ಇನ್ನು ಡೈರಿ. ಅದರಲ್ಲಿ ನಿಮಿಷ ಮಾತ್ರ ಬರೆಯಿರಿ. ‘ಇವತ್ತು ಚೆನ್ನಾಗಿ ಬಂತು’ ಅಂತ ಬರೆದ ದಿನದಿಂದ ಚೆನ್ನಾಗಿ ಬರಲೇಬೇಕು ಅನ್ನುವ ಹಪಹಪಿ ಹತ್ತಿಕೊಳ್ಳುತ್ತದೆ. ಬಹಳ ಜನ ನಿಲ್ಲಿಸುವುದು ಮೂರನೆಯ, ನಾಲ್ಕನೆಯ ವಾರದಲ್ಲಿ. ನೋವಿಗೆ ಅಲ್ಲ, ಬೇಸರಕ್ಕೆ.

ಅಂಗೈ ಬೆಳಕು:
ಎಲ್ಲಾರೂ ಬರ್ಮಾ, ಜಪಾನು ಸುತ್ತಿ ಬಂದ್ರಿ. ಗುಡಿ ಬಿಟ್ಟು, ಪೂಜಾರಿ ಬಿಟ್ಟು ಅಂಗೈ ಮ್ಯಾಲ ಸಾಧನೆ ಇಟ್ಟ ಮಂದಿ ಹನ್ನೆರಡನೇ ಶತಮಾನದಾಗ ಕಲ್ಯಾಣದಾಗ ಇದ್ರಲ್ರೀ. ಇಷ್ಟಲಿಂಗದ ನಿರೀಕ್ಷಣೆ ಅಂದ್ರ ದೃಷ್ಟಿ ಸಾಧನೆ. ಲಿಂಗದ ಮ್ಯಾಲಿನ ಕಪ್ಪು ಕಂತಿ, ಅಂದ್ರ ಲೇಪ, ಕನ್ನಡಿಹಂಗ ಹೊಳೀತದ. ದೀಪ ಒಂದು ಬದಿಗೆ ಇಟ್ರ ಅದರ ಚುಕ್ಕಿ ಕಂತಿಯೊಳಗ ಕಾಣತದ. ಎಡಗೈ ಅಂಗೈ ಎದಿಯಿಂದ ಕಣ್ಣಿನ ಮಟ್ಟಕ್ಕ ತಂದು, ಅರೆಗಣ್ಣಿನಿಂದ ಆ ಚುಕ್ಕಿ ನೋಡೋದು. ತಪ್ಪಾಗೋದು ಎರಡು ಕಡೆ. ಕೈ ಗಾಳ್ಯಾಗ ಹಿಡಿದ್ರ ಐದು ನಿಮಿಷಕ್ಕ ಭುಜ ನಡಗತದ, ಅದಕ್ಕ ಮೊಣಕೈ ತಳಗ ಆಸರ ಬೇಕು. ಇನ್ನೊಂದು, ಕಣ್ಣು ಪಿಳುಕಿಸಬಾರದಂತ ಹಟ ಹಿಡೀತಾರ. ನೀರು ಬಂದ್ರ ಮುಚ್ಚರಿ, ಒಳಗ ಉಳಿದ ಬೆಳಕು ನೋಡ್ರಿ, ಅದು ಕರಗಿದ ಮ್ಯಾಲ ತೆರೀರಿ. ಕಣ್ಣಿನ ಬ್ಯಾನಿ ಇದ್ದವರು ಮೊದಲ ಡಾಕ್ಟರ ಕೇಳಬೇಕು.

ಲೆಕ್ಕಿಗ:
ಚೆನ್ನಾಗಿದೆ. ಆದರೆ ಇಷ್ಟಲಿಂಗಕ್ಕೆ ದೀಕ್ಷೆ ಬೇಕು, ದೀಕ್ಷೆಗೆ ಗುರು ಬೇಕು. ಲಿಂಗಾಯತರ ಎಂಟು ಆಸರೆಗಳಾದ ಅಷ್ಟಾವರಣದಲ್ಲಿ ಮೊದಲ ಹೆಸರೇ ಗುರು. ಸ್ಥಾವರ ಬೇಡ ಅಂದವರ ಹೆಸರಿನಲ್ಲೇ ಎಷ್ಟು ಕಲ್ಲಿನ ಕಟ್ಟಡ ಎದ್ದವು ಅಂತ ಎಣಿಸಿ ನೋಡಿ.

ಅಂಗೈ ಬೆಳಕು:
ಕಟ್ಟಡ ಎದ್ದದ್ದು ಸುಳ್ಳಲ್ಲ ಬಿಡ್ರಿ. ಆದ್ರ ದೀಕ್ಷಾ ಯಾಕಂದ್ರ, ಸಾಧನೆ ಸರಿ ನಡದದೋ ಇಲ್ಲೋ ಅಂತ ನೋಡಾಕ ಎರಡನೇ ಕಣ್ಣು ಬೇಕಾಗ್ತದ. ದೀಕ್ಷಾ ಬ್ಯಾಡಂದ್ರ ದೀಪದ ಕುಡಿನ ನೋಡ್ರಿ, ತ್ರಾಟಕ ಅಂತಾರ ಅದಕ್ಕ. ಆದ್ರ ಅದನ್ನ ಇಷ್ಟಲಿಂಗ ಅನ್ನಬ್ಯಾಡ್ರಿ, ಅಷ್ಟ.

ಕಡಲ ಕರೆ:
ನೀವೆಲ್ಲ ಮೊಣಕಾಲಿನಲ್ಲೇ ಸಿಕ್ಕಿಬಿದ್ದಿರಿ ಮಾರಾಯ್ರೆ. ಧರ್ಮದ ಹೊರಗಿನ ದಾರಿ ತುಂಡಾಗುವುದು ಕೂರುವ ಮಣೆಯ ಮೇಲೆ ಅಲ್ಲ, ಮದುವೆಯ ಮಣೆ ಮತ್ತು ಸಾವಿನ ಚಟ್ಟದ ಮೇಲೆ. ಬೆಳಗ್ಗಿನ ಒಂದು ಗಂಟೆ ಯಾರೂ ತಡೆಯುವುದಿಲ್ಲ. ಹೆಣ ಅಂಗಳದಲ್ಲಿದ್ದಾಗ ಭಟ್ಟರನ್ನು ಕರೆಯುವುದೋ ಬೇಡವೋ ಅಂತ ಅರ್ಧ ಗಂಟೆಯಲ್ಲಿ ತೀರ್ಮಾನ ಆಗಬೇಕು. ಆಗ ಎಲ್ಲ ವೈಚಾರಿಕತೆಯೂ ಹಳೆಯ ಹಳಿಗೇ ಬೀಳುತ್ತದೆ.

ನಮ್ಮ ಮಂಗಳೂರಿನ ಕತೆಯೇ ಉಂಟು. ಉಳ್ಳಾಲ ರಘುನಾಥಯ್ಯ 1870ರಲ್ಲಿ ಇಲ್ಲಿ ಬ್ರಹ್ಮ ಸಮಾಜ ಅನ್ನುವ ಸುಧಾರಣಾ ಸಂಘ ತಂದರು. 1897ರಲ್ಲಿ ದಲಿತರ ಶಿಕ್ಷಣಕ್ಕೆ ನಿಂತ ಕುದ್ಮುಲ್ ರಂಗರಾವ್ ಕೂಡ ಆ ಸಮಾಜದವರೇ. ಮೂರ್ತಿ ಇಲ್ಲದ ಪ್ರಾರ್ಥನೆಯನ್ನು ಜಾತಿಯವರು ಹೇಗೋ ಸಹಿಸುತ್ತಿದ್ದರು. ಜಾತಿ ಬಿಟ್ಟು ಕೂಡಿ ಉಣ್ಣುವುದು, ಜಾತಿ ಬಿಟ್ಟ ಮದುವೆ ಅಂದಾಗಲೇ ಬಹಿಷ್ಕಾರ. ಬ್ರಹ್ಮ ಸಮಾಜದವರ ಒತ್ತಾಯದಿಂದಲೇ 1872ರ ವಿವಾಹ ಕಾಯಿದೆ ಬಂದದ್ದು. ಅದರಡಿ ಮದುವೆ ಆಗುವವರು ತಾವು ಹಿಂದೂ, ಮುಸ್ಲಿಂ, ಕ್ರೈಸ್ತ ಇತ್ಯಾದಿ ಯಾವುದೂ ಅಲ್ಲ ಅಂತ ಬರೆದುಕೊಡಬೇಕಿತ್ತು. 1954ರ ವಿಶೇಷ ವಿವಾಹ ಕಾಯಿದೆಯಲ್ಲಿ ಆ ಮುಚ್ಚಳಿಕೆ ಹೋಯಿತು.

ಹೊಸಿಲು:
ಮಂತ್ರ ಮಾಂಗಲ್ಯ ಇದೆಯಲ್ಲ?

ಕಡಲ ಕರೆ:
ಉಂಟು, ಒಳ್ಳೆಯದೇ. ಕುವೆಂಪು ರೂಪಿಸಿದ ಕ್ರಮ, 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಹಾಗೆಯೇ ಮಾಡಿಸಿದರು. ಪುರೋಹಿತ ಬೇಡ, ಮುಹೂರ್ತ ಬೇಡ, ವರದಕ್ಷಿಣೆ ಬೇಡ. ಆದರೆ ಕಾನೂನಿನ ಗಂಟು ಇಲ್ಲಿದೆ. ಹಿಂದೂ ವಿವಾಹ ಕಾಯಿದೆಯ 7ನೇ ಕಲಂ ಪ್ರಕಾರ ವಧು ಅಥವಾ ವರನ ಕಡೆಯ ರೂಢಿಯ ವಿಧಿ ನಡೆದಿರಬೇಕು. ತಮಿಳುನಾಡಿನಲ್ಲಿ 1967ರಲ್ಲೇ 7-ಎ ಸೇರಿಸಿ ಪುರೋಹಿತರಿಲ್ಲದ ಸುಯಮರಿಯಾದೈ (ಸ್ವಾಭಿಮಾನ) ಮದುವೆಗೆ ಮಾನ್ಯತೆ ಕೊಟ್ಟರು. 2024ರಲ್ಲಿ ಸುಪ್ರೀಂ ಕೋರ್ಟು ವಿಧಿ ನಡೆಯದೆ ನೋಂದಣಿ ಪತ್ರ ಮಾತ್ರ ಇದ್ದರೆ ಅದು ಹಿಂದೂ ವಿವಾಹ ಆಗುವುದಿಲ್ಲ ಅಂತ ಹೇಳಿದೆ. ಹಾಗಾಗಿ ಮಂತ್ರ ಮಾಂಗಲ್ಯ ಇಟ್ಟುಕೊಳ್ಳುವವರು ವಿಶೇಷ ವಿವಾಹ ಕಾಯಿದೆಯ ದಾರಿಯನ್ನೂ ಜೊತೆಗೇ ಹಿಡಿಯುವುದು ಕ್ಷೇಮ.

ಲೆಕ್ಕ ಹೀಗೆ: ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸ ಇದ್ದಿರಬೇಕು. ನೋಟಿಸು ಕೊಟ್ಟ ಮೇಲೆ ಆಕ್ಷೇಪಣೆಗೆ 30 ದಿನ. ನೋಟಿಸಿನಿಂದ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಹೊಸ ನೋಟಿಸು. ಸಾಕ್ಷಿಗಳು ಮೂವರು. ಅಂದರೆ ಸಭಾಂಗಣ ಗೊತ್ತುಮಾಡುವ ಮೊದಲು ನೋಟಿಸು ಕೊಡಿ. ಇದನ್ನು ತಿರುಗುಮುರುಗು ಮಾಡಿ ಪೇಚಾಡುವವರೇ ಹೆಚ್ಚು. ‘ಈ ಕಾಯಿದೆಯಲ್ಲಿ ಮದುವೆಯಾದರೆ ಕೂಡುಕುಟುಂಬದ ಆಸ್ತಿ ಹೋಗುತ್ತದೆ’ ಅಂತ ಹೆದರಿಸುತ್ತಾರೆ. ಇಬ್ಬರೂ ಹಿಂದೂ, ಬೌದ್ಧ, ಸಿಖ್ಖ, ಜೈನರಲ್ಲಿ ಯಾರೇ ಆಗಿದ್ದರೂ 1976ರ ತಿದ್ದುಪಡಿಯ ನಂತರ ಕೂಡುಕುಟುಂಬದಿಂದ ಬೇರೆ ಮಾಡುವ ಆ ಕಲಂ ಅನ್ವಯಿಸುವುದಿಲ್ಲ.

ಸಾವಿಗೂ ಹಾಗೆಯೇ, ಮೊದಲೇ ಬರೆದಿಡಬೇಕು. ನೇತ್ರದಾನ ಆರು ಗಂಟೆಯೊಳಗೆ: ಫ್ಯಾನು ಆರಿಸಿ, ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ, ತಲೆ ಸ್ವಲ್ಪ ಎತ್ತರ. ದೇಹದಾನಕ್ಕೆ ಹತ್ತಿರದ ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ಫಾರಂ ತುಂಬಿಸಬೇಕು. ಆದರೆ ಮರಣೋತ್ತರ ಪರೀಕ್ಷೆ ಆದ ದೇಹ, ಎಚ್‌ಐವಿ, ಕಾಮಾಲೆಯಂಥ ಸೋಂಕಿದ್ದ ದೇಹ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಅದಕ್ಕೆ ಎರಡನೆಯ ಏರ್ಪಾಡೂ ಬರೆದಿಡಿ: ವಿದ್ಯುತ್ ಚಿತಾಗಾರವೋ, ಮಣ್ಣೋ, ಯಾರು ನಾಲ್ಕು ಮಾತು ಆಡಬೇಕು, ತಿಥಿ ಊಟ ಇದೆಯೋ ಇಲ್ಲವೋ. ಮನೆಯವರು ಒಪ್ಪದಿದ್ದರೆ ಫಾರಂ ಇದ್ದೂ ಕೆಲಸ ನಡೆಯುವುದಿಲ್ಲ. ಅವರ ಸಹಿ ಅದರಲ್ಲೇ ಇರಲಿ.

ಒಂದೇ ಬಾವಿ:
ಮಾಹಿತಿ ಉಪಯುಕ್ತ. ಆದರೆ ಇದು ಸುಧಾರಣೆ. ಸಾಧನೆ ಬೇರೆ.

ಕಡಲ ಕರೆ:
ಮೈತ್ರಿ ಭಾವನೆ ಮಾಡಿ ಎದ್ದವರು ಜಾತಿ ನೋಡಿ ಸಂಬಂಧ ಕುದುರಿಸಿದರೆ ಆ ಸಾಧನೆಯನ್ನು ಯಾವ ಡೈರಿಯಲ್ಲಿ ಬರೆಯುವುದು? ನಿಮಿಷ ಮಾತ್ರ ಬರೆಯಿರಿ ಅಂದಿರಲ್ಲ, ಅಲ್ಲಿ ನನಗೆ ಒಪ್ಪಿಗೆ ಇಲ್ಲ.

ಒಂದೇ ಬಾವಿ:
ಅದು ಪೆಟ್ಟು. ಒಪ್ಪಿದೆ, ಇನ್ನೊಂದು ಕಾಲಂ ಹಾಕೋಣ.

ಮೆದು ಮಾತು:
ಒಂದು ಎಚ್ಚರಿಕೆ ಯಾರೂ ಹೇಳಲಿಲ್ಲ. ದಿನಕ್ಕೆ ಮುಕ್ಕಾಲು ಗಂಟೆ ಬೇರೆ, ಶಿಬಿರದ ಹತ್ತು ಗಂಟೆ ಬೇರೆ. ಬೆಳಗ್ಗೆ 4ಕ್ಕೆ ಗಂಟೆ, ರಾತ್ರಿ 9.30ಕ್ಕೆ ದೀಪ ಆರಿಸುವುದು, ನಡುವೆ ಮಾತಿಲ್ಲ, ಫೋನಿಲ್ಲ, ಹೊಸಬರಿಗೆ ಸಂಜೆ ಹಣ್ಣು ಮತ್ತು ಚಹಾ ಬಿಟ್ಟರೆ ರಾತ್ರಿ ಊಟವಿಲ್ಲ. ಬೈಪೋಲಾರ್ (ಮನಸ್ಥಿತಿ ತೀರಾ ಏರಿಳಿಯುವ ಕಾಯಿಲೆ) ಅಥವಾ ಸೈಕೋಸಿಸ್ (ವಾಸ್ತವದ ಹಿಡಿತ ತಪ್ಪುವ ಸ್ಥಿತಿ) ಹಿನ್ನೆಲೆ ಇರುವವರು ಅಲ್ಲಿಗೆ ನೇರ ಹೋಗಬಾರದು. ಅರ್ಜಿಯಲ್ಲಿ ಕೇಳುತ್ತಾರೆ, ಮುಚ್ಚಿಡಬಾರದು. ಸಾಧನೆಯ ನೆಪದಲ್ಲಿ ಮಾತ್ರೆ ನಿಲ್ಲಿಸುವುದಂತೂ ಬೇಡವೇ ಬೇಡ.

ಮನೆಯಲ್ಲಿ ಮಾಡುವವರೂ ಗಮನಿಸಬೇಕಾದ ಗುರುತುಗಳಿವೆ. ಮೂರು ಗಂಟೆ ನಿದ್ದೆ ಮಾಡಿಯೂ ದಣಿವಿಲ್ಲ, ಮಾತು ಓಡುತ್ತದೆ, ತಮಗೇ ವಿಶೇಷ ಸಂದೇಶ ಬರುತ್ತಿದೆ ಅನ್ನಿಸುತ್ತದೆ: ಇದನ್ನು ಸಾಕ್ಷಾತ್ಕಾರ ಅಂತ ಸುತ್ತಲಿನವರು ಕೈಮುಗಿದರೆ ಅಪಾಯ. ಕೈಕಾಲು ತನ್ನದಲ್ಲ, ಜಗತ್ತು ಗಾಜಿನಾಚೆ ಇದೆ ಅನ್ನುವ ಭಾವ ದಿನಗಟ್ಟಲೆ ಉಳಿದರೂ ಅಷ್ಟೇ. ಸಾಧನೆ ನಿಲ್ಲಿಸಿ, ಹೊಟ್ಟೆ ತುಂಬ ಉಣ್ಣಿ, ಮೈ ದಣಿಯುವ ಕೆಲಸ ಮಾಡಿ, ಮನೋವೈದ್ಯರನ್ನು ಕಾಣಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೂ ಮಾತಾಡುತ್ತಾರೆ. ಅಂಗೈ ಬೆಳಕು ಹೇಳಿದ ‘ಎರಡನೇ ಕಣ್ಣು’ ನನ್ನ ಮಟ್ಟಿಗೆ ಇದಕ್ಕೇ ಬೇಕು. ಗುರು ಅನ್ನಿ, ಗೆಳೆಯ ಅನ್ನಿ, ನೀವು ದಾರಿ ತಪ್ಪಿದಾಗ ‘ನಿಲ್ಲಿಸು’ ಅನ್ನುವ ಧೈರ್ಯ ಇರುವ ಒಬ್ಬರು.

ಲೆಕ್ಕಿಗ:
ಇದನ್ನು ಒಪ್ಪುತ್ತೇನೆ. ಕಾಲು ಹಿಡಿಸಿಕೊಳ್ಳುವವರಿಂದ ಆ ಕೆಲಸ ಆಗುವುದಿಲ್ಲ ಅನ್ನುವುದನ್ನೂ ಸೇರಿಸಿಕೊಳ್ಳಿ.

ಹೊಸಿಲು:
ತಿದ್ದಿದ ಕ್ರಮ: ಬೆಳಗ್ಗೆ ಉಸಿರು ಮಾತ್ರ, 20 ನಿಮಿಷದಿಂದ ಶುರು, ಮೂರು ತಿಂಗಳು ಬದಲಾವಣೆ ಇಲ್ಲ. ಜಪ, ಪ್ರಾಣಾಯಾಮ ಕೈಬಿಟ್ಟೆ. ವಚನ ರಾತ್ರಿಗೆ, ವಾರಕ್ಕೊಂದು, ಏಳು ದಿನವೂ ಅದೇ. ಡೈರಿಯಲ್ಲಿ ಎರಡು ಕಾಲಂ: ಎಷ್ಟು ನಿಮಿಷ, ಮತ್ತು ಆ ದಿನ ಯಾರ ಜೊತೆ ಹೇಗೆ ನಡೆದುಕೊಂಡದ್ದು. ವಾರಕ್ಕೊಮ್ಮೆ ಒಬ್ಬರ ಜೊತೆ ಕೂತು ಆ ಡೈರಿ ಓದುವುದು. ಮನೆಯಲ್ಲಿ ಹಿರಿಯರ ಪೂಜೆಯ ಗಂಟೆ 6ಕ್ಕೆ ಬಾರಿಸುತ್ತದೆ. ಅದಕ್ಕೇನು ಮಾಡುವುದು?

ಒಂದೇ ಬಾವಿ:
ಏನೂ ಮಾಡಬೇಡಿ. 5.30ಕ್ಕೆ ಕೂತು 5.50ಕ್ಕೆ ಎದ್ದರೆ ಆಯಿತು. ಅವಧಿ 30 ದಾಟಿದ ಮೇಲೆ 5.10ಕ್ಕೆ ಕೂರಿ.

ಕಡಲ ಕರೆ:
ಪ್ರಸಾದ ಕೊಟ್ಟರೆ ತಿನ್ನಿ ಮಾರಾಯ್ರೆ. ಅದರಲ್ಲಿ ಹಟ ಬೇಡ.