ಪೆಡಲ್ ಚುಚ್ಚಿದರೆ ಡಿಎಕ್ಸ್7 ಮೂಕ! ತಂತಿ ಎರಡೋ ಮೂರೋ?

ಮಂಡಿಪೇಟೆ ಕೀಬೋರ್ಡ್:
ನಮಸ್ಕಾರ. ನನ್ನ ಹತ್ತಿರ ಇರುವುದು ಯಮಹಾ ಡಿಎಕ್ಸ್7 ಕೀಬೋರ್ಡ್, 1983ರಲ್ಲಿ ಬಂದ ಮಾದರಿ. ಚಿಕ್ಕಪ್ಪ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದದ್ದು. ದುಗ್ಗಮ್ಮನ ಜಾತ್ರೆ, ಗಣಪತಿ ಪೆಂಡಾಲು ಎಲ್ಲವನ್ನೂ ಕಂಡಿದೆ. ವಾಲ್ಯೂಮಿಗೆ ಎಫ್‌ಸಿ7 ಪೆಡಲ್. ಅದರ ವೈರು ಜ್ಯಾಕಿನ ಬುಡದಲ್ಲಿ ತುಂಡಾಗಿತ್ತು. ದಾವಣಗೆರೆಯ ಒಂದು ಮೈಕ್‌ಸೆಟ್ ಅಂಗಡಿಯವರು ಅರ್ಧ ಗಂಟೆಯಲ್ಲಿ ಹೊಸ ಜ್ಯಾಕು ಹಾಕಿಕೊಟ್ಟರು. ಮನೆಗೆ ತಂದು ಚುಚ್ಚಿದರೆ ತುಳಿದರೂ ಸದ್ದಿಲ್ಲ, ಬಿಟ್ಟರೂ ಸದ್ದಿಲ್ಲ. ಜ್ಯಾಕು ಎಳೆದರೆ ಮತ್ತೆ ಹಾಡುತ್ತದೆ. "ಹಳೆಯದಲ್ಲವೇ, ಕೀಬೋರ್ಡೇ ಹೋಗಿದೆ" ಎಂದರು ಅಂಗಡಿಯವರು. ಇಷ್ಟು ವರ್ಷ ಗಟ್ಟಿಯಾಗಿದ್ದದ್ದು ಅವರ ಜ್ಯಾಕು ತಗುಲಿದ ಗಳಿಗೆಯಲ್ಲೇ ಪ್ರಾಣ ಬಿಟ್ಟಿತೆಂದರೆ ನಾನು ನಂಬುವುದಿಲ್ಲ.

ಜೊತೆಗೆ ಇನ್ನೊಂದು ಕಾಟ. ಸಸ್ಟೇನಿಗೆ (ತುಳಿದಾಗ ಸ್ವರ ಎಳೆಯಲು) ಕ್ಯಾಸಿಯೋ ಪೆಡಲ್ ಹಾಕಿದ್ದೇನೆ, ಅದು ಉಲ್ಟಾ. ಕಾಲೆತ್ತಿದರೆ ಸ್ವರ ಎಳೆಯುತ್ತದೆ, ತುಳಿದರೆ ನಿಲ್ಲುತ್ತದೆ.

ದುರ್ಗದ ಸೌಂಡ್:
ಸರ್, ಹೊಸ ಜ್ಯಾಕಿನ ಮೂತಿಯಲ್ಲಿ ಕಪ್ಪು ಪಟ್ಟಿ ಎಷ್ಟಿವೆ?

ಮಂಡಿಪೇಟೆ ಕೀಬೋರ್ಡ್:
ಒಂದೇ. ಮುಚ್ಚಳ ತಿರುಪಿ ನೋಡಿದೆ: ಬಿಳಿ ತಂತಿಯನ್ನು ಕತ್ತರಿಸಿ ಒಳಗೇ ಮಡಚಿಟ್ಟಿದ್ದಾರೆ!

ದುರ್ಗದ ಸೌಂಡ್:
ಹಾಗಾದರೆ ಕೀಬೋರ್ಡಿಗೆ ಏನೂ ಆಗಿಲ್ಲ. ಅದು ಗಿಟಾರಿಗೆ ಹಾಕುವ ಮೋನೊ ಜ್ಯಾಕು. ನಿಮಗೆ ಬೇಕಾದದ್ದು ಎರಡು ಪಟ್ಟಿಯ ಸ್ಟೀರಿಯೋ. ಎಫ್‌ಸಿ7ರಲ್ಲಿ ಜ್ಯಾಕಿನ ತುದಿಗೆ ವೋಲ್ಟೇಜ್, ನಡುವಿನ ಉಂಗುರಕ್ಕೆ ತುಳಿದಂತೆ ಒಳಗೆ ತಿರುಗುವ ವಾಲ್ಯೂಮ್ ಕಂಟ್ರೋಲಿನ, ಅಂದರೆ ಪಾಟ್‌ನ ನಡುಗಾಲು, ಬುಡಕ್ಕೆ ಗ್ರೌಂಡ್. ಮೋನೊ ಜ್ಯಾಕಿನಲ್ಲಿ ಉಂಗುರದ ಜಾಗವೂ ಬುಡದ ಲೋಹವೇ. ಹಾಗಾಗಿ ಕೀಬೋರ್ಡಿಗೆ ಸದಾ ಸೊನ್ನೆ ಕಾಣುತ್ತದೆ, ವಾಲ್ಯೂಮ್ ಪೂರ್ತಿ ಇಳಿಸಿದ್ದೀರೆಂದು ಸುಮ್ಮನಾಗುತ್ತದೆ. ಬಣ್ಣ ನೋಡಿ ಬೆಸೆಯಬೇಡಿ, ಪೆಡಲ್ ಬಿಚ್ಚಿ ಮಲ್ಟಿಮೀಟರಿನಲ್ಲಿ ಬೀಪ್ ಇಟ್ಟು ಪ್ರತಿ ತಂತಿಯೂ ಪಾಟ್‌ನ ಯಾವ ಕಾಲಿಗೆ ಹೋಗಿದೆ ಎಂದು ನೋಡಿ. ರೋಲ್ಯಾಂಡ್ ಕಂಪನಿಯ ಇವಿ-5 ಪೆಡಲಿನ ನಕ್ಷೆಯನ್ನು ಮಾತ್ರ ಅನುಸರಿಸಬೇಡಿ, ಅಲ್ಲಿ ತುದಿ-ಉಂಗುರ ಅದಲುಬದಲು.

ಹೊಳಲ್ಕೆರೆ ಹಾರ್ಮೋನಿಯಂ:
ಸಸ್ಟೇನ್ ಬಗ್ಗೆ: ಯಮಹಾ ಎಫ್‌ಸಿ5 ತುಳಿದಾಗ ಸಂಪರ್ಕ ಬಿಡುತ್ತದೆ, ಕ್ಯಾಸಿಯೋ ಎಸ್‌ಪಿ-3 ತುಳಿದಾಗ ಕೂಡುತ್ತದೆ. ಅತ್ತೆ-ಸೊಸೆ ಇದ್ದ ಹಾಗೆ. ಕೆಲವು ಕೀಬೋರ್ಡ್‌ಗಳು ಆನ್ ಆಗುವಾಗಲೇ ಪೆಡಲ್ ಯಾವ ಬಗೆಯದೆಂದು ನೋಡಿಕೊಳ್ಳುತ್ತವೆ. ಆದ್ದರಿಂದ ಮೊದಲು ಪೆಡಲ್ ಚುಚ್ಚಿ, ತುಳಿಯದೆ ಆನ್ ಮಾಡಿ ನೋಡಿ. ಬಗ್ಗದಿದ್ದರೆ ಒಳಗೆ ಮೂರು ಕಾಲಿನ ಮೈಕ್ರೋಸ್ವಿಚ್ ಇದೆಯೇ ನೋಡಿ. ಇದ್ದರೆ ಒಂದು ತಂತಿಯನ್ನು ಎನ್‌ಓ (ಒತ್ತಿದಾಗ ಕೂಡುವ) ಕಾಲಿನಿಂದ ಎನ್‌ಸಿ (ಒತ್ತಿದಾಗ ಬಿಡುವ) ಕಾಲಿಗೆ ಬದಲಿಸಿದರೆ ಸಾಕು.

ಮಂಡಿಪೇಟೆ ಕೀಬೋರ್ಡ್:
ಎಫ್‌ಸಿ7 ಬಿಚ್ಚಿದೆ. ಒಳಗೆ ಮೂರು ಮಂಡಕ್ಕಿ ಕಾಳು, ಒಂದು ಒಣ ಜಿರಳೆ! ಚಿಕ್ಕಪ್ಪ ಮಂಡಕ್ಕಿ ಮುಕ್ಕುತ್ತಲೇ ನುಡಿಸುತ್ತಿದ್ದರು. ಮೀಟರ್ ಇಟ್ಟರೆ ಆ ಬಿಳಿಯದೇ ನಡುಗಾಲಿನದು. ಸ್ಟೀರಿಯೋ ಜ್ಯಾಕಿನ ಉಂಗುರಕ್ಕೆ ಬೆಸೆದೆ. ತುಳಿದಷ್ಟೂ ಸದ್ದು ಏರುತ್ತದೆ. ನಡುವೆ ಒಂದು ಕಡೆ ಕರಕರ ಎನ್ನುತ್ತದೆ, ಪಾಟ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಬೇಕು. ಸಸ್ಟೇನ್ ಪೆಡಲ್ ಮಾತ್ರ ಆನ್-ಆಫ್‌ಗೆ ಬಗ್ಗಲಿಲ್ಲ. ಒಳಗೆ ಸ್ವಿಚ್ಚೇ ಇಲ್ಲ, ಎರಡು ಹಿತ್ತಾಳೆ ಪಟ್ಟಿ ಅಷ್ಟೇ. ಮೂರು ಕಾಲಿನದನ್ನು ತಂದು ಕೂರಿಸುವವರೆಗೆ ಕಾಲೆತ್ತಿಯೇ ನುಡಿಸುತ್ತೇನೆ.